ಹಲಸಿನ ಬಟ್ಟಲಿನ ಕಪ್ಪು ಕಲೆ

ಕೀಮೋ ಶುರುವಾದ ಮೇಲೆ ನನ್ನ ಹೆಂಡತಿಗೆ ಬಾಯಿಗಿಟ್ಟದ್ದೆಲ್ಲ ಕಬ್ಬಿಣದ ರುಚಿ ಬರತೊಡಗಿತು. ಅನ್ನ, ಸಾರು, ನೀರು, ಕೊನೆಗೆ ಬಾಳೆಹಣ್ಣು ಕೂಡ. ಡಾಕ್ಟರರು ಇದು ಮಾಮೂಲು ಎಂದರು. ಸ್ಟೀಲಿನ ತಟ್ಟೆ, ಚಮಚ ಬಿಟ್ಟು ಬೇರೆ ಯಾವುದರಲ್ಲಾದರೂ ಕೊಟ್ಟು ನೋಡಿ ಎಂದರು. ತೂಕ ಹೀಗೇ ಇಳಿದರೆ ಮುಂದಿನ ಡೋಸ್ ಕೊಡಲಿಕ್ಕಾಗುವುದಿಲ್ಲ ಎಂಬುದನ್ನೂ ಅದೇ ದನಿಯಲ್ಲಿ ಹೇಳಿದರು. ಮಾಮೂಲಂತೆ! ಮೇಜಿನ ಮೇಲಿದ್ದ ಪೇಪರ್‌ವೇಟ್ ಎತ್ತಿ ಗೋಡೆಗೆ ಬೀಸಬೇಕೆನಿಸಿತು. ಕೈಮುಗಿದು ಎದ್ದು ಬಂದೆ.

ಪ್ಲಾಸ್ಟಿಕ್ ತಂದೆ, ಅದರ ವಾಸನೆಗೇ ವಾಂತಿ ಮಾಡಿದಳು. ಪಿಂಗಾಣಿ ತಂದೆ, ಅದರ ಭಾರಕ್ಕೆ ಕೈ ಸೋತು ಗಂಜಿಯೆಲ್ಲ ಹಾಸಿಗೆಗೆ ಚೆಲ್ಲಿತು. ನಾನು ಕುಡಿಸಲು ಹೋದರೆ ಬಾಯಿ ಬಿಗಿಯುತ್ತಿದ್ದಳು. ಒಂದು ಮಧ್ಯಾಹ್ನ ತಾನಾಗಿಯೇ ಹೇಳಿದಳು: "ನಮ್ಮ ಅಮ್ಮನ ಮನೆಯಲ್ಲಿ ಮಜ್ಜಿಗೆಗೆ ಮರದ ಮರಿಗೆ ಇತ್ತು. ಅಂಥದ್ದರಲ್ಲಿ ಆದ್ರೆ ಕುಡಿಲಿಕ್ಕೆ ಆಗ್ತದೋ ಏನೋ." ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ನನಗೆ ಅಷ್ಟೇ ಸಾಕಾಗಿತ್ತು.

ನಾನು ಬೈಕುಲ್ಲಾದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಮೇಲೆ ಕಬ್ಬಿಣ ಕಡೆದು ಕಡೆದೇ ಮುದುಕನಾದವನು. ಮರ ಮುಟ್ಟಿದವನಲ್ಲ. ಆದರೆ ತಿರುಗುವುದನ್ನು ಕಡೆಯುವ ಕೈಗೆ ಅದು ಯಾವುದಾದರೇನು ಎಂಬ ಹಮ್ಮು ಇತ್ತು. ಮುಲುಂಡಿನ ನಮ್ಮ ಬಿಲ್ಡಿಂಗಿನ ಹಿಂದೆ ಮಳೆಗಾಲಕ್ಕೆ ಮುಂಚೆ ಹಲಸಿನ ಕೊಂಬೆಗಳನ್ನು ಕಡಿದು ಹಾಕಿದ್ದರು. ಅದರಲ್ಲೊಂದು ದಪ್ಪ ತುಂಡನ್ನು ಗೋಣಿಯಲ್ಲಿ ಸುತ್ತಿ ಲೋಕಲ್ ರೈಲು ಹತ್ತಿದೆ. "ಕ್ಯಾ ಅಂಕಲ್, ಫಣಸ್ ಹೈ ಕ್ಯಾ?" ಎಂದು ಪಕ್ಕದವನು ಗೋಣಿಯನ್ನು ಮೂಸಿ ನೋಡಿದ. ಹೌದಪ್ಪಾ, ಹಲಸೇ, ಆದರೆ ತಿನ್ನಲಿಕ್ಕಾಗುವುದಿಲ್ಲ ಎಂದೆ. ಬಹಳ ದಿನಗಳ ಮೇಲೆ ನಕ್ಕಿದ್ದೆ.

ವರ್ಕ್‌ಶಾಪಿನ ಮಾಲೀಕ ಹಳೆಯ ಲೇತನ್ನು ನನಗೆ ಬಿಟ್ಟುಕೊಟ್ಟ. ಎಣ್ಣೆ ಜಿಡ್ಡು ಬಟ್ಟಲಿಗೆ ಹತ್ತಬಾರದೆಂದು ಯಂತ್ರವನ್ನೆಲ್ಲ ಸೋಪು ನೀರಿನಲ್ಲಿ ಒರೆಸಿದೆ. ಹಸಿ ಮರದಲ್ಲಿ ಉಳಿ ಬೆಣ್ಣೆಗೆ ಇಟ್ಟಂತೆ ಇಳಿಯಿತು. ಹಳದಿ ಸುರುಳಿಗಳು ಕಾಲಡಿ ರಾಶಿ ಬಿದ್ದವು. ಕೊನೆಯಲ್ಲಿ ನನ್ನ ಹಳೇ ಚಾಳಿ ಬಿಡಲಿಲ್ಲ. ಕಬ್ಬಿಣದ ಕೆಲಸದವನಿಗೆ ವಸ್ತು ಮಿಂಚದೆ ಸಮಾಧಾನವಿಲ್ಲ. ಉಕ್ಕಿನ ನವಿರು ಎಳೆಗಳ ಉಂಡೆ, ಸ್ಟೀಲ್ ವುಲ್ ತೆಗೆದುಕೊಂಡು ಒಳಗೂ ಹೊರಗೂ ತಿಕ್ಕಿ ತಿಕ್ಕಿ ನಯ ಮಾಡಿದೆ. ಎಂಥ ಚೆಂದದ ಬಟ್ಟಲು ಅದು!

ಮನೆಯಲ್ಲಿ ಅದಕ್ಕೆ ಬಿಸಿ ಕುಚ್ಚಲಕ್ಕಿ ಗಂಜಿ ಸುರಿದು ಅವಳ ಕೈಗೆ ಕೊಟ್ಟೆ. ಒಂದು ಗುಟುಕು ಕುಡಿದಳು, ಇನ್ನೊಂದು ಕುಡಿದಳು. ನಾನು ಬಟ್ಟಲನ್ನೇ ನೋಡುತ್ತ ನಿಂತಿದ್ದೆ. ಗಂಜಿ ಇಳಿದ ಜಾಗದಲ್ಲಿ ಕಪ್ಪು ಚುಕ್ಕೆಗಳು ಕಾಣಿಸಿದವು. ನೋಡನೋಡುತ್ತಿದ್ದಂತೆ ಅವು ಒಂದಕ್ಕೊಂದು ಕೂಡಿಕೊಂಡು ಶಾಯಿ ಚೆಲ್ಲಿದ ಹಾಗೆ ಹರಡಿದವು. ಅವಳು ಬಟ್ಟಲನ್ನು ನನ್ನ ಕಡೆ ಚಾಚಿದಳು.

"ನೋಡಿ, ಕಬ್ಬಿಣ ಇದಕ್ಕೂ ಹತ್ತಿತು. ಪಾತ್ರೆಯದ್ದಲ್ಲ ಇದು. ನನ್ನ ಬಾಯಿಂದಲೇ ಹೋಗುವುದು."

ಅಲ್ಲ ಮಾರಾಯ್ತಿ, ಸ್ಟೀಲ್ ವುಲ್ಲಿನ ಪುಡಿ ಹಸಿ ಮರದಲ್ಲಿ ಉಳಿದುಕೊಂಡದ್ದು, ನೀರು ತಾಗಿ ಕಪ್ಪಾಯಿತು, ತಪ್ಪು ನನ್ನದು ಎಂದು ಎಷ್ಟು ಹೇಳಿದರೂ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದಿನಿಂದ ನೀರನ್ನೂ ಹನಿ ಹನಿಯಾಗಿ ಕುಡಿಯತೊಡಗಿದಳು. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು.

ಮತ್ತೆ ಬೈಕುಲ್ಲಾಕ್ಕೆ ಓಡಿದೆ. ಕಲೆ ಹೋಗುವವರೆಗೆ ಒಳಮೈಯನ್ನು ಕಡೆದೆ. ಮನೆಗೆ ತಂದು ನೀರು ಹಾಕಿದರೆ ಮತ್ತೆ ಕಪ್ಪು. ಮತ್ತೆ ಹೋದೆ, ಮತ್ತೆ ಕಡೆದೆ. ಹಸಿ ಹಲಸಿಗೆ ಕಬ್ಬಿಣ ತಾಗಬಾರದು, ಸರಿ. ಆದರೆ ನನ್ನಲ್ಲಿ ಕಬ್ಬಿಣವಲ್ಲದೆ ಬೇರೇನಿತ್ತು? ಮರದ ತುಂಡನ್ನು ಹಿಡಿದಿಡುವ ಚಕ್ ಕಬ್ಬಿಣ, ಉಳಿ ಕಬ್ಬಿಣ, ಆ ಜಾಗದ ಧೂಳೂ ಕಬ್ಬಿಣ. ಬಟ್ಟಲು ತೆಳ್ಳಗಾಗುತ್ತ ಬಂತು, ಬಲ್ಬಿಗೆ ಹಿಡಿದರೆ ಬೆಳಕು ಕಾಣುವಷ್ಟು. ಇನ್ನೊಂದು ಸಲ ಉಳಿ ಇಟ್ಟರೆ ತೂತು ಬೀಳುತ್ತಿತ್ತು. ಲೇತ್ ನಿಲ್ಲಿಸಿ, ಸ್ಟೂಲಿನ ಮೇಲೆ ಕೂತು ಗೊಳೋ ಎಂದು ಅತ್ತೆ. ಮಾಲೀಕ ಚಹಾ ತಂದಿಟ್ಟು ಹೋದ.

ಆಮೇಲೆ ಅವಳ ಮಂಚದ ಪಕ್ಕದಲ್ಲೇ ಕೂತು ಸ್ಯಾಂಡ್‌ಪೇಪರಿನಿಂದ ಉಜ್ಜುತ್ತಿದ್ದೆ. ಆ ಸದ್ದಿಗೆ ಅವಳಿಗೆ ರೇಗಿತು.

"ಎಂತ ಅದು ಕರಕರ ಕರಕರ! ಬಾಳೆಕಾಯಿ ಕೊಚ್ಚಿ ಕೈ ಕಪ್ಪಾದ್ರೆ ಎಂತ ಹಾಕ್ತಾರೆ? ಹುಳಿ ಅಲ್ವಾ? ಲಿಂಬೆ ಉಜ್ಜಿ ಮಾರಾಯ್ರೆ, ನನಗೆ ಸ್ವಲ್ಪ ಮಲಗ್ಲಿಕ್ಕೆ ಬಿಡಿ."

ಲಿಂಬೆ ಹೋಳು ಉಜ್ಜಿದೆ. ಕಪ್ಪು ಕಂದಾಯಿತು, ಕಂದು ಮಸುಕಾಯಿತು, ಹೊಸ ಹೋಳು ಉಜ್ಜಿದಂತೆ ಅಡಿಯಿಂದ ಹಳದಿ ಎದ್ದು ಬಂತು. ತೊಳೆದು, ನೆರಳಲ್ಲಿ ಒಣಗಿಸಿ, ತೆಂಗಿನೆಣ್ಣೆ ಸವರಿದೆ. ನೀರು ಹಾಕಿಟ್ಟು ಕಾದೆ. ಕಲೆ ಏಳಲಿಲ್ಲ.

ಮರುದಿನ ಗಂಜಿ ಕೊಟ್ಟೆ. ಅವಳು ಬಟ್ಟಲಿನೊಳಗೆ ಬಗ್ಗಿ ನೋಡಿ, ಕುಡಿದು, ತಲೆಯಾಡಿಸಿದಳು. "ಇಲ್ಲ. ಕಬ್ಬಿಣ ಇಲ್ಲ."

ಆಂಟಾಪ್ ಹಿಲ್‌ನಲ್ಲಿರುವ ಮಗಳಿಗೆ ಫೋನ್ ಮಾಡಿ ಕೂಗಿದೆ. "ಸಚ್ಚಿ? ನಿಜಾನಾ ಪಪ್ಪಾ? ಮಮ್ಮಿ ಕುಡಿದ್ರು?" ಎಂದು ಅವಳು ಅತ್ತೇಬಿಟ್ಟಳು. ಆ ಖುಷಿಯಲ್ಲಿ ಡಬ್ಬದಿಂದ ಮಿಡಿ ಉಪ್ಪಿನಕಾಯಿಯ ಒಂದು ಚೂರು ತೆಗೆದು ಹೆಂಡತಿಯ ಬಾಯಿಗಿಟ್ಟೆ. ಮದುವೆಯಾದಾಗಿನಿಂದ ಅದರ ಹುಳಿಗೆ ಅವಳ ಒಂದು ಕಣ್ಣು ತಾನಾಗಿ ಮುಚ್ಚಿಕೊಳ್ಳುವುದನ್ನು ನೋಡುತ್ತ ಬಂದಿದ್ದೇನೆ. ಅವಳು ನಿಧಾನವಾಗಿ ಅಗಿದು ನುಂಗಿದಳು. ಎರಡೂ ಕಣ್ಣು ತೆರೆದೇ ಇದ್ದವು.

"ಎಂತದು ಈಗ ಕೊಟ್ಟದ್ದು?"

"ಉಪ್ಪಿನಕಾಯಿ. ಮಿಡಿಯದ್ದು."

"ಹೌದಾ? ಹುಳಿಯೂ ಗೊತ್ತಾಗ್ಲಿಲ್ಲ," ಎಂದು ನನ್ನ ಮುಖ ನೋಡಿದಳು. ಆಮೇಲೆ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ಉಳಿದ ಗಂಜಿಯನ್ನು ಔಷಧಿ ಕುಡಿದಂತೆ ಕುಡಿದು ಮುಗಿಸಿದಳು.