ಕುರಿ ಇಲ್ಲದ ಮನೆ

ಶ್ವಾಸಕೋಶ ಕಸಿ ಬೇಕಾದವರ ಮನೆ ಪರೀಕ್ಷಿಸುವುದು ಆಸ್ಪತ್ರೆಯಲ್ಲಿ ನನ್ನ ಕೆಲಸ. ನನ್ನಿವಾಳ ಎಂಬ ಹಳ್ಳಿಯ ಕುರಿಗಾಹಿ ತಿಪ್ಪೇಸ್ವಾಮಿಯ ಶ್ವಾಸಕೋಶವನ್ನು ಕೊರೊನಾ ಹಾಳು ಮಾಡಿತ್ತು. ಮೂಗಿಗೆ ಆಕ್ಸಿಜನ್ ನಳಿಕೆ, ಅಂಗಳದಲ್ಲಿ ಬೇಲಿ ಕಟ್ಟಿದ ರೊಪ್ಪದ ತುಂಬ ಕುರಿ.

“ಕುರಿ ಇದ್ದರೆ ಕಸಿ ಪಟ್ಟಿಗೆ ಹೆಸರು ಸೇರಿಸೋಕಾಗಲ್ಲ. ಸೋಂಕು ತಗಲುತ್ತೆ,” ಎಂದೆ.

“ಕುರಿ ಜೊತೆಗೇ ಬೆಳೆದೋನು ಸಾರ್ ನಾನು. ಈ ಕಾಯಿಲೆ ಅಂಟಿಸಿದ್ದು ಮನುಷ್ಯರು. ಅವರನ್ನ ಎಲ್ಲಿಗೆ ಅಟ್ಟಲಿ?” ಏದುಸಿರಲ್ಲೇ ನಕ್ಕ.

ನಿಯಮದ ಹಾಳೆಯನ್ನು ಅವನ ಕೈಗಿಟ್ಟು ಹೊರಟೆ.

ಮಳೆಗಾಲ ಕಳೆದ ಮೇಲೆ ಮತ್ತೆ ಹೋದೆ. ರೊಪ್ಪ ಖಾಲಿಯಾಗಿತ್ತು. ಗೋಡೆಗೆ ಹೊಸ ಸುಣ್ಣ, ನೆಲಕ್ಕೆ ಫಿನಾಯಿಲ್. ಆಕ್ಸಿಜನ್ ಯಂತ್ರ ಮೂಲೆಯಲ್ಲಿ ಸುಮ್ಮನಿತ್ತು.

“ನೀವು ಹೇಳಿದಂಗೇ ಎಲ್ಲಾ ಮಾಡಿದೀವಿ, ನೋಡ್ರಿ,” ಎಂದಳು ಅವನ ಹೆಂಡತಿ. “ಅವರ ತಿಥಿನೂ ಮುಗೀತು.”

ನೋಡಿದೆ. ನಾನು ಪರೀಕ್ಷಿಸಿದ ಮನೆಗಳಲ್ಲಿ ಒಂದೂ ತಕರಾರಿಲ್ಲದೆ ಪಾಸಾದದ್ದು ಅದೊಂದೇ.