ಹತ್ತಿಯಿಲ್ಲದ ಬಿಲ್ಲು

ಗಾದಿ ಮಾಡುವವರ ಮನೆಯಲ್ಲಿ ಹುಟ್ಟಿ, ಗಾದಿ ಮಾಡುವವರ ಮನೆಗೇ ಸೊಸೆಯಾಗಿ ಹೋಗಿ, ನಿದ್ದೆ ಬರುವುದಿಲ್ಲವೆಂದು ಊರೆಲ್ಲ ಹೆಸರಾದವಳು ನಾನೊಬ್ಬಳೇ ಇರಬೇಕು. ಈಗ ನೆನೆದರೆ ನಗು ತಡೆಯುವುದಿಲ್ಲ. ಆಗಲೂ ತಡೆಯುತ್ತಿರಲಿಲ್ಲ, ಅರ್ಧ ತೊಂದರೆ ಆಗಿದ್ದೇ ಅದರಿಂದ.

ನನ್ನ ತವರು ಬಳ್ಳಾರಿಯ ಬ್ರೂಸ್‌ಪೇಟೆ. ಅಪ್ಪ ಪಿಂಜಾರ, ಹತ್ತಿ ಹಿಂಜಿ ಗಾದಿ ತುಂಬುವುದು ಕಸುಬು. ಮನೆ ಎಂದರೆ ಒಂದೇ ಉದ್ದನೆಯ ಕೋಣೆ. ಮುಂದೆ ಜಂತಿಗೆ ಹಗ್ಗ ಕಟ್ಟಿ ಇಳಿಬಿಟ್ಟ ಅಪ್ಪನ ಬಿಲ್ಲು, ಹಿಂದೆ ಅವ್ವನ ಒಲೆ, ನಡುವೆ ನಾವು ಮಕ್ಕಳು. ಬಿಲ್ಲೆಂದರೆ ಆಳುದ್ದದ ಮರ, ಅದಕ್ಕೆ ಬಿಗಿದ ನರದ ಹೆದೆ. ಹೆದೆಯನ್ನು ಹತ್ತಿಗೆ ತಾಗಿಸಿ ಮರದ ಕೊಡತಿಯಿಂದ ಹೊಡೆದರೆ ‘ಢಂಯ್’ ಎಂದು ಸದ್ದಾಗಿ, ಗಂಟುಗಟ್ಟಿದ ಹತ್ತಿ ಅರಳಿ ಮೇಲೇಳುತ್ತದೆ. ಬ್ರೂಸ್‌ಪೇಟೆಯ ಅಂಗಡಿಯವರಿಗೆ ಎಲ್ಲವೂ ನಾಳೆಯೇ ಬೇಕು. ಹಾಗಾಗಿ ಅಪ್ಪ ಕಂದೀಲನ್ನು ಕಿಟಕಿಯ ಆಚೆ ತೂಗುಹಾಕಿ ಕತ್ತಲಾದ ಮೇಲೂ ಹೊಡೆಯುತ್ತಿದ್ದ. ಹೊರಗೆ ಹತ್ತಿಯ ಅಂಡಿಗೆ ಹೇರಿದ ಬಂಡಿಗಳು ಕಿರುಗುಡುತ್ತ ರೈಲು ಸ್ಟೇಷನ್ನಿನ ಕಡೆ ಹೋಗುತ್ತಿದ್ದವು. ಹಮಾಲರು ತೆಲುಗಿನಲ್ಲಿ ಬೈದುಕೊಳ್ಳುತ್ತಿದ್ದರು. ದಂಡಿನ ಕಡೆಯಿಂದ ಬಿಳಿ ಸಿಪಾಯಿಗಳ ತುತ್ತೂರಿ ಕೇಳುತ್ತಿತ್ತು. ಇಷ್ಟರ ನಡುವೆ ನಾನು ಗೋಣಿಚೀಲದ ಮೇಲೆ ಬಿದ್ದುಕೊಂಡು ಹೊತ್ತೇರುವ ತನಕ ಮಲಗುತ್ತಿದ್ದೆ. ನಮ್ಮ ಮನೆಯಲ್ಲಿ ಗಾದಿಯ ಮೇಲೆ ಮಲಗಿದವರು ಯಾರೂ ಇಲ್ಲ. ಗಾದಿ ಮಾರುವುದಕ್ಕೆ, ಗೋಣಿ ಮಲಗುವುದಕ್ಕೆ.

ನನ್ನನ್ನು ಸಿರುಗುಪ್ಪಕ್ಕೆ ಕೊಟ್ಟರು. ಬಳ್ಳಾರಿಯ ಕಾದ ಗುಡ್ಡಗಳ ಬುಡದಲ್ಲಿ ಬೆಳೆದ ನನಗೆ ಆ ಊರು ಹುಚ್ಚು ಹಿಡಿಸಿತು. ಕಾಲುವೆ ತುಂಬ ನೀರು, ನೀರಿನ ಪಕ್ಕ ಕಣ್ಣು ಮುಟ್ಟುವಷ್ಟು ದೂರ ಭತ್ತ! ಬಂಡಿಯಿಂದ ಇಳಿದವಳೇ ಕಾಲುವೆಗೆ ಕಾಲಿಟ್ಟು ಹೊಸ ಸೀರೆ ತೋಯಿಸಿಕೊಂಡೆ. ಅತ್ತೆ ಹಣೆ ಚಚ್ಚಿಕೊಂಡರು. ಮಾವ ಸೊಸೆಯೊಡನೆ ನೇರ ಮಾತಾಡುವವರಲ್ಲ, ಹೇಳುವುದಿದ್ದರೆ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು. ಅವತ್ತು ಸಂಜೆ ಕಂಬಕ್ಕೆ ಮೊದಲ ಮಾತು ಹೇಳಿದರು.

“ಈ ಮನಿಯಾಗ ದೀಪ ಹಚ್ಚಿದ ಮ್ಯಾಲ ಬಿಲ್ಲು ಮುಟ್ಟಂಗಿಲ್ಲ. ಹತ್ತಿಗೆ ಕಿಡಿ ಬಿದ್ರ ಮನಿ ಉಳಿಯಂಗಿಲ್ಲ.”

ಒಳ್ಳೆಯ ಮಾತೇ. ಬಿಲ್ಲನ್ನು ಸಂಜೆ ಗೂಟಕ್ಕೆ ಏರಿಸಿದರೆ ಬೆಳಗಿನವರೆಗೆ ಮನೆ ಗಪ್‌ಚಿಪ್. ಗದ್ದೆಯ ಕಪ್ಪೆಗಳು ಮಾತ್ರ ಕೂಗುತ್ತಿದ್ದವು. ಕಪ್ಪೆಗಳಿಗೆ ತಾಳವೆಂಬುದೇ ಇಲ್ಲ. ಒಂದು ನಿಲ್ಲಿಸಿತು ಎಂದು ನಾನು ಕಣ್ಣು ಮುಚ್ಚಿದರೆ ಇನ್ನೊಂದು ಶುರುಮಾಡುತ್ತಿತ್ತು. ಮೊದಲ ದಿನ ನಿದ್ದೆ ಬರಲಿಲ್ಲ. ಹೊಸ ಜಾಗ ಎಂದುಕೊಂಡೆ. ಆಮೇಲೂ ಬರಲಿಲ್ಲ.

ನಿದ್ದೆಗೆಟ್ಟವರಿಗೆ ತಲೆನೋವು ಬರುತ್ತದೆ, ಸಿಟ್ಟು ಬರುತ್ತದೆ ಎನ್ನುತ್ತಾರೆ. ನನಗೆ ನಗು ಬಂತು. ಆಡಿಗೆ ಹಾಕಬೇಕಾದ ಹೊಟ್ಟನ್ನು ಹಿಟ್ಟಿಗೆ ಕಲಸಿ ರೊಟ್ಟಿ ತಟ್ಟಿದೆ, ಮನೆಯವರೆಲ್ಲ ಉಗುಳುತ್ತಿದ್ದರೆ ನಾನು ಬಾಗಿಲಿಗೆ ಒರಗಿ ನಗುತ್ತಿದ್ದೆ. ಬೀದಿಯ ಎಮ್ಮೆಗೆ ಸಲಾಮು ಮಾಡಿದೆ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿ, ನೀರು ಚಿಮುಕಿಸಿ, ಮತ್ತೆ ಗುಡಿಸಲು ನಿಂತೆ. ಕಾಲ ಕೆಳಗೆ ನೆಲ ಉಯ್ಯಾಲೆಯಾಡುತ್ತಿತ್ತು. ಹಗಲು ಗಂಡಸರು ಬಿಲ್ಲು ಹಿಡಿದರೆ ಸಾಕು, ಗಾದಿಗೆ ಹೊಲಿಗೆ ಹಾಕುತ್ತ ಕೂತಲ್ಲೇ ನನ್ನ ಕಣ್ಣು ತೂಗುತ್ತಿದ್ದವು. ಸೊಸೆ ಹಗಲು ಮಲಗುವುದುಂಟೇ? ಅತ್ತೆ ತೊಡೆ ಚಿವುಟಿ ಎಬ್ಬಿಸುತ್ತಿದ್ದರು.

“ಚಿಂತಿ ಇಲ್ಲದವರಿಗೆ ಸಂತ್ಯಾಗೂ ನಿದ್ದಿ ಅಂತಾರ. ನಿನಗ್ಯಾವ ಚಿಂತಿ ಐತಿ, ಹೇಳು ಲೇ?”

ನನಗೆ ಚಿಂತೆಯೇ ಇರಲಿಲ್ಲ. ಗಂಡ ಒಳ್ಳೆಯವ, ಮಾತು ಕಮ್ಮಿ, ಕದ್ದು ಬೆಲ್ಲ ತಂದುಕೊಡುತ್ತಿದ್ದ. ಹಾಗೆಂದು ಹೇಳಿದರೆ ಅತ್ತೆ ನಂಬಲಿಲ್ಲ. ನನ್ನ ಅಂಗಾಲಿಗೆ ಹರಳೆಣ್ಣೆ ಬಿತ್ತು, ಹೊಟ್ಟೆಗೆ ಗಸಗಸೆ ಪಾಯಸ ಬಿತ್ತು. ಅತ್ತೆ ದರ್ಗಾದಿಂದ ತಾಯತ ತಂದರು, ಪಕ್ಕದ ಮನೆಯ ಶರಣವ್ವ ಮಠದಿಂದ ವಿಭೂತಿ ತಂದಳು. ಎರಡನ್ನೂ ಒಟ್ಟಿಗೇ ಧರಿಸಿ ಎರಡು ಕಡೆಯವರಿಗೂ ಮರ್ಯಾದೆ ಕೊಟ್ಟು, ಎಚ್ಚರವಾಗಿಯೇ ಉಳಿದೆ.

ಕೊನೆಗೆ ಮಾವ ತಪ್ಪು ಗಾದಿಯದೇ ಎಂದು ತೀರ್ಮಾನಿಸಿದರು. ಬೇರೆ ಯಾವ ಕಸುಬಿನವರಿಗೂ ಈ ಯೋಚನೆ ಬರುತ್ತಿರಲಿಲ್ಲ. ನಾನು ಮಲಗುವ ಗಾದಿಯನ್ನು ಬಿಚ್ಚಿ, ಹತ್ತಿಯನ್ನು ಮತ್ತೆ ಹಿಂಜಿ, ಇನ್ನಷ್ಟು ತುಂಬಿದರು. ನಿದ್ದೆ ಬರಲಿಲ್ಲ. ಬೂರುಗದ ಅರಳೆ ಸೇರಿಸಿದರು. ಬರಲಿಲ್ಲ. ಅದರ ಮೇಲೊಂದು ಗಾದಿ ಹಾಕಿದರು. ಗೋಣಿಯ ಮೇಲೆ ಬೆಳೆದ ನನ್ನ ಬೆನ್ನು ಆ ಮೆತ್ತೆಯಲ್ಲಿ ಮುಳುಗಿ ಆಧಾರ ಹುಡುಕುತ್ತಿತ್ತು. ಕಡೆಕಡೆಗೆ ಹಾಸಿಗೆ ಎಷ್ಟು ಎತ್ತರವಾಯಿತೆಂದರೆ ಬೀಸುಕಲ್ಲಿನ ಮೇಲೆ ಕಾಲಿಟ್ಟು ಹತ್ತಬೇಕಿತ್ತು. ಒಮ್ಮೆ ಹತ್ತುವಾಗ ಜಾರಿ, ಗಂಡನ ಮೇಲೆಯೇ ಬಿದ್ದೆ. ಇಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು, ಎರಡು ಬಾಯಿಗೂ ನನ್ನದೇ ಸೆರಗು.

ಸುದ್ದಿ ಮನೆಯೊಳಗೆ ನಿಲ್ಲಲಿಲ್ಲ. ಕಾಲುವೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವವರ ಬಾಯಿಂದ ದೇಶನೂರಿಗೆ ಹೋಯಿತು, ಅಲ್ಲಿಂದ ಕುರುಗೋಡಿಗೆ. ಪಿಂಜಾರರ ಸೊಸೆಗೇ ಅವರ ಗಾದಿ ಒಗ್ಗಿಲ್ಲವಂತೆ! ಕುರುಗೋಡಿನಲ್ಲಿ ಗೌಡರ ಮೊಮ್ಮಗಳ ಮದುವೆ. ಮದುವೆಯ ಗಾದಿ, ದಿಂಬುಗಳೆಲ್ಲ ಮಾವನ ಕೈಯಿಂದಲೇ ಆಗಬೇಕೆಂದು ಮೊದಲೇ ಮಾತಾಗಿತ್ತು. ಆ ಮನೆಯ ಕೆಲಸ ತಪ್ಪಿದರೆ ಸುತ್ತಿನ ಹಳ್ಳಿಗಳೆಲ್ಲ ತಪ್ಪುತ್ತವೆ. ಮಾವನಿಗೆ ಊಟ ಸೇರದಂತಾಯಿತು.

ಅತ್ತೆ ನನ್ನ ಸೀರೆಗಳನ್ನೆಲ್ಲ ಒಂದು ಗಂಟು ಕಟ್ಟಿದರು. “ನೀನೂ ಬಾ. ಹೊಲಿಗಿಗೆ ಕೈ ಬೇಕು” ಎಂದರು. ಹೊಲಿಗೆಗೆ ಹೋಗುವವಳಿಗೆ ಅಷ್ಟೊಂದು ಸೀರೆ ಯಾಕೆ ಎಂದು ಕೇಳಿದೆ. ಅತ್ತೆ ಮುಖ ತಿರುಗಿಸಿದರು.

“ಕುರುಗೋಡಿಂದ ಬಳ್ಳಾರಿ ಹತ್ರ ಐತಿ. ಗೌಡ್ರ ಮನಿಯಾಗ ಕೆಲಸ ಉಳದ್ರ ಎಲ್ಲಾರೂ ಹೊಳ್ಳಿ ಬರೂನು. ಹೋತಂದ್ರ ನೀನು ತವರಿಗೆ ನಡಿ, ತಂಗಿ. ಇಜ್ಜತ್ತು ಹೋದ್ರ ನಾವು ಉಣ್ಣೂದೇನು?”

ಅವತ್ತು ಮೊದಲ ಸಲ ನನಗೆ ನಗು ಬರಲಿಲ್ಲ. ಆ ಮನೆ ನನಗೆ ಬೇಕಾಗಿತ್ತು. ಕಾಲುವೆ ಬೇಕಾಗಿತ್ತು, ಬೆಲ್ಲ ತರುವ ಗಂಡ ಬೇಕಾಗಿದ್ದ. ಬೈಯುವ ಅತ್ತೆ, ಕಂಬದೊಡನೆ ಮಾತಾಡುವ ಮಾವ, ಎಲ್ಲರೂ ಬೇಕಾಗಿದ್ದರು. ಬಂಡಿಯಲ್ಲಿ ಆ ಗಂಟಿನ ಮೇಲೆಯೇ ಕೂತು ಕುರುಗೋಡಿಗೆ ಹೋದೆ.

ಗಿರಾಕಿಯ ಮನೆಗೇ ಹೋಗಿ, ಅವರ ಹತ್ತಿಯನ್ನು ಅವರ ಕಣ್ಣೆದುರೇ ಹಿಂಜುವುದು ನಮ್ಮ ಪದ್ಧತಿ. ಗೌಡರ ಹೊರಜಗಲಿಯಲ್ಲಿ ಮಾವ, ಗಂಡ ಬಿಲ್ಲು ಕಟ್ಟಿ ಶುರುಮಾಡಿದರು. ಒಳಗೆ ನಾನೂ ಅತ್ತೆಯೂ ಮೊದಲ ಗಾದಿಯನ್ನು ಹೊಲಿದು ಮುಗಿಸುವಷ್ಟರಲ್ಲಿ ಗೌಡಸಾನಿ ಬಂದರು. ಮುಪ್ಪಿನ ಹೆಂಗಸು, ದನಿ ಮಾತ್ರ ನಗಾರಿ.

“ಇಕೀನ ಏನು ನಿದ್ದಿ ಬರದ ಸೊಸಿ? ಸೊಸಿಗೆ ನಿದ್ದಿ ಕೊಡದ ಗಾದೀನ ನನ್ನ ಮೊಮ್ಮಗಳಿಗೆ ಹೆಂಗ ಕೊಡ್ಲೆ? ಮಲಗು ಇದರ ಮ್ಯಾಲ. ನಿದ್ದಿ ಹತ್ತಿದ್ರ ಕೆಲಸ ನಿಮ್ದು.”

“ಈಗೇನ್ರೀ ಎವ್ವಾ?” ಎಂದೆ.

“ಈಗ ಮಲಗು ಲೇ!”

ಗೌಡಸಾನಿ ನ್ಯಾಯವಂತೆ. ನನಗೆ ಯಾವ ಅಡ್ಡಿಯೂ ಆಗಬಾರದೆಂದು ಇಡೀ ವಾಡೆಯ ಸದ್ದು ಅಡಗಿಸಿದರು. ಒನಕೆ ನಿಂತಿತು, ನಾಯಿಗಳನ್ನು ಆಚೆ ಓಡಿಸಿದರು, ಮಾಳಿಗೆಯ ಮೇಲಿನ ಪಾರಿವಾಳಗಳನ್ನು ಹಾರಿಸಿದರು. “ಬಿಲ್ಲು ಇಳಸ್ರಿ!” ಎಂದು ಜಗಲಿಗೆ ಕೂಗಿ ಹೇಳಿದರು. ಆಮೇಲೆ ಅಡುಗೆಯವರು, ಸಗಣಿ ಬಾಚುವವರು, ಮದುಮಗಳು, ಮದುಮಗಳ ಗೆಳತಿಯರು ಎಲ್ಲರೂ ನನ್ನ ಸುತ್ತ ಕೂತು, ಒಬ್ಬ ಹೆಂಗಸು ನಿದ್ದೆ ಹೋಗುವುದನ್ನು ನೋಡಲು ಕಣ್ಣು ಬಿಟ್ಟುಕೊಂಡು ಕಾದರು.

ನಾನು ಕಣ್ಣು ಮುಚ್ಚಿದೆ. ರೆಪ್ಪೆ ಪಟಪಟ ಎಂದಿತು. ಯಾರೋ “ಹತ್ತಿತು, ಹತ್ತಿತು” ಎಂದು ಪಿಸುಗುಟ್ಟಿದರು. ನನಗೆ ನಗು ಉಕ್ಕಿತು. ಗೊರಕೆ ಹೊಡೆದು ನಂಬಿಸೋಣವೆಂದು ಒಂದು ಗೊರಕೆ ತೆಗೆದೆ. ಅದು ಕೋಣ ಸೀನಿದ ಹಾಗೆ ಬಂತು. ಮದುಮಗಳು ಕಿಸಕ್ಕೆಂದಳು, ನಾನೂ ನಕ್ಕುಬಿಟ್ಟೆ, ಆಮೇಲೆ ಇಡೀ ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಗೌಡಸಾನಿ ಮಾತ್ರ ನಗಲಿಲ್ಲ.

“ಏಳು ಸಾಕು. ಬ್ಯಾರೆಯವ್ರಿಗೆ ಹೇಳಿ ಕಳಿಸ್ತೀನಿ” ಎಂದರು.

ಅತ್ತೆ ನನ್ನ ಗಂಟನ್ನು ತಂದು ನನ್ನ ಮುಂದಿಟ್ಟರು. ನಾನು ಅದನ್ನೆತ್ತಿಕೊಂಡು ಹೊರಗೆ ಬಂದು, ಜಗಲಿಯ ಮೂಲೆಯಲ್ಲಿ ಬರಿಯ ಬಂಡೆಯ ಮೇಲೆ ಕೂತು ಅಳತೊಡಗಿದೆ. ಇಷ್ಟು ದಿನ ನಕ್ಕಿದ್ದಕ್ಕೆಲ್ಲ ಸೇರಿಸಿ ಅತ್ತುಬಿಟ್ಟೆ.

ಕೆಲಸ ಹೋದರೂ, ಹಿಂಜಲು ತೆಗೆದ ಹತ್ತಿಯನ್ನು ಅರ್ಧಕ್ಕೆ ಬಿಟ್ಟು ಏಳುವುದು ನಮ್ಮವರಿಗೆ ನಿಷಿದ್ಧ. ಮಾವ ಜಗಲಿಯ ಕಂಬದ ಕಡೆ ನೋಡಿ, “ಇಷ್ಟು ಮುಗಿಸಿ ಹೋಗೂನು” ಎಂದರು. ಕೊಡತಿ ಎತ್ತಿದರು. ಢಂಯ್. ಮಾವನ ಹೊಡೆತ ಅಪ್ಪನ ಹೊಡೆತದಂತಲ್ಲ, ನಡುವೆ ಒಂದು ಕ್ಷಣ ತಡೆದು ಹೊಡೆಯುತ್ತಿದ್ದರು. ಢಂಯ್... ಢಂಯ್. ಕಣ್ಣೊರೆಸಿಕೊಳ್ಳೋಣವೆಂದು ಸೆರಗು ಎತ್ತಿದ್ದು ನೆನಪಿದೆ. ಒರೆಸಿಕೊಂಡದ್ದು ನೆನಪಿಲ್ಲ.

ಮುಂದಿನದನ್ನು ಅತ್ತೆ ಹೇಳಿಯೇ ನನಗೆ ಗೊತ್ತು. ಮಾವ ಇನ್ನೂ ಹೊಡೆಯುತ್ತಿರುವಾಗಲೇ ಬಂಡಿ ಕಟ್ಟಿ ನನ್ನನ್ನು ಕರೆದರಂತೆ, ಏಳಲಿಲ್ಲ. ಅಲುಗಾಡಿಸಿದರಂತೆ, ಏಳಲಿಲ್ಲ. ಪಿಂಜಾರರ ಸೊಸೆ ಸತ್ತಳೆಂದು ಯಾರೋ ಕೂಗಿ, ಎಲ್ಲರೂ ಓಡಿ ಬಂದರಂತೆ. ಗಾಬರಿಯಲ್ಲಿ ಮಾವ ಬಿಲ್ಲು ನಿಲ್ಲಿಸಿದರು. ನಾನು ತಟ್ಟನೆ ಕಣ್ಣು ಬಿಟ್ಟೆ.

“ಹೊಡಿ, ಹೊಡಿ, ಇನ್ನೊಮ್ಮೆ ಹೊಡಿ!” ಎಂದು ಗೌಡಸಾನಿ ಕೂಗಿದರು. ಮಾವ ಹೊಡೆದರು. “ಏನಾತ್ರೀ?” ಎಂದು ಕೇಳಲು ಹೊರಟವಳು ‘ಏನಾ’ ಎನ್ನುವಷ್ಟರಲ್ಲಿ ಮತ್ತೆ ಗಂಟಿನ ಮೇಲೆ ಒರಗಿದೆನಂತೆ. ಗೌಡಸಾನಿಗೆ ಇದಕ್ಕಿಂತ ಒಳ್ಳೆಯ ಆಟ ಜನ್ಮದಲ್ಲಿ ಸಿಕ್ಕಿರಲಿಲ್ಲ. ಓಣಿಯವರನ್ನೆಲ್ಲ ಕರೆಸಿ, ಬಿಲ್ಲು ನಿಲ್ಲಿಸಿ ಹೊಡೆಸಿ, ಹೊಡೆಸಿ ನಿಲ್ಲಿಸಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರಂತೆ.

“ಗಾದಿ ಮ್ಯಾಲ ನಿದ್ದಿಲ್ಲ, ಬರೇ ಕಲ್ಲಿನ ಮ್ಯಾಲ ಮಲಗ್ಯಾಳ! ನಿನ್ನ ಗಾದಿದೇನೂ ತಪ್ಪಿಲ್ಲೋ ಪಿಂಜಾರ. ಸಂತ್ಯಾಗ ಬೆಳದ ಹುಡುಗೀನ ತಂದು ಸುಮ್ಮನ ಮಲಗು ಅಂದ್ರ ಹೆಂಗ ಮಲಗ್ಯಾಳು? ಒಳಗ ಇಡಸು ಆ ಗಂಟು. ಮದುವಿ ಗಾದಿ ನಿಮ್ದ.”

ಅತ್ತೆ ಗಂಟು ಒಳಗಿಟ್ಟದ್ದಷ್ಟೇ ಅಲ್ಲ, ನನ್ನ ಕೂದಲಿಗೆ ಅಂಟಿದ್ದ ಅರಳೆಯನ್ನು ಒಂದೊಂದಾಗಿ ಬಿಡಿಸಿ ತೆಗೆದರು. ಬೈಯುತ್ತಲೇ ತೆಗೆದರು. ನನಗೆ ಆ ಬೈಗುಳ ಎಷ್ಟು ಹಿತವಾಯಿತೆಂದು ಹೇಳಲಾರೆ.

ಸಿರುಗುಪ್ಪಕ್ಕೆ ಮರಳಿದ ದಿನ ದೀಪ ಹಚ್ಚಿದ ಮೇಲೆ ಮಾವ ಎದ್ದು, ನೆಲದ ಮೇಲಿದ್ದ ಹತ್ತಿಯ ಎಳೆಯನ್ನೂ ಬಿಡದೆ ಗುಡಿಸಿ, ಗೂಟದಿಂದ ಬಿಲ್ಲು ಇಳಿಸಿದರು. ಅತ್ತೆ ಎದೆ ಮೇಲೆ ಕೈಯಿಟ್ಟುಕೊಂಡರು. ಮಾವ ಕಂಬಕ್ಕೆ ಹೇಳಿದರು.

“ಬ್ಯಾಡ ಅಂದದ್ದು ಹತ್ತಿ ಇದ್ದಾಗ. ಹತ್ತಿ ಇಲ್ಲದ ಬಿಲ್ಲಿಗೆ ಕಿಡಿ ಏನು ಮಾಡತೈತಿ?”

ಬರಿಗಾಳಿಗೆ ಹೊಡೆದರು. ಢಂಯ್... ಢಂಯ್. ಗಾದಿಗಳನ್ನೆಲ್ಲ ಎತ್ತಿಟ್ಟು ಹಾಸಿಕೊಂಡ ಗೋಣಿಯ ಮೇಲೆ ಮಲಗಿ, ಮುಗುಳ್ನಗುತ್ತ, ನಾನು ಆಗಲೇ ನಿದ್ದೆಹೋದೆ. ನನಗೆ ಊರು ಒಗ್ಗಿ, ಕಪ್ಪೆಗಳ ಕೂಗೂ ಜೋಗುಳವಾಗಿ, ಮಕ್ಕಳಾದ ಮೇಲೂ ಮಾವ ಆ ರೂಢಿ ಬಿಡಲಿಲ್ಲ. ಊಟವಾದ ಮೇಲೆ ಒಂದಷ್ಟು ಹೊಡೆಯುವುದು. “ಸೊಸಿಗೆ ನಿದ್ದಿ, ನನಗ ನಿದ್ದಿಗೇಡು” ಎಂದು ಅತ್ತೆ ಪ್ರತಿ ಸಂಜೆ ಗೊಣಗುತ್ತಿದ್ದರು. ಮಾವ ನನ್ನೊಡನೆ ನೇರ ಆಡಿದ್ದು ಬಹುಶಃ ಅದೊಂದೇ ಮಾತು, ಆ ಬಿಲ್ಲಿನದು.

ಮಾವ ತೀರಿಹೋದರು. ದಿನಗಳೆಲ್ಲ ಮುಗಿದು ನೆಂಟರು ಹೊರಟ ಮೇಲೆ, ಊಟವಾದ ಹೊತ್ತಿಗೆ ಅತ್ತೆ ಹಾಸಿಗೆಯ ಮೇಲೆ ಎದ್ದು ಕೂರತೊಡಗಿದರು. ಹರಳೆಣ್ಣೆ ತಿಕ್ಕಿದೆ, ಗಸಗಸೆ ಪಾಯಸ ಮಾಡಿದೆ. ತಾಯತ ತರಲೇ ಎಂದರೆ ಬೈದರು. ಚಿಂತೆ ಏನೆಂದು ಕೇಳಿದರೆ ಏನೂ ಇಲ್ಲ ಎಂದರು. ಪಾಪ, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ನಮ್ಮಲ್ಲಿ ಹೆಂಗಸರು ಬಿಲ್ಲು ಮುಟ್ಟುವುದಿಲ್ಲ. ನಾನು ಗಂಡನ ಮುಖ ನೋಡಿದೆ. ಅವನು ಕಂಬದ ಮುಖ ನೋಡಿದ. ನೆಲ ಗುಡಿಸಿ, ಬಿಲ್ಲು ಇಳಿಸಿ, ಕೊಡತಿ ಹಿಡಿದು ಹೊಡೆದೆ. ಮೊದಲ ಪೆಟ್ಟು ನನ್ನ ಮೊಣಕಾಲಿಗೇ ಬಿದ್ದು ನಗು ಬಂತು. ಮತ್ತೆ ಹೊಡೆದೆ. ಢಂಯ್ ಢಂಯ್ ಢಂಯ್.

“ಯಾಕಲೇ, ದೆವ್ವ ಬಡದಂಗ ಹೊಡಿಯಾಕತ್ತಿ?” ಒಳಗಿನಿಂದ ಅತ್ತೆಯ ದನಿ. “ನಡುವ ಚೂರು ತಡದು ಹೊಡಿ.”

ತಡೆದು ಹೊಡೆದೆ. ಢಂಯ್... ಢಂಯ್.

“ಹಾಂ, ಈಗ ಬಂದ್ರು ನೋಡು” ಎಂದರು. ಹಾಸಿಗೆಯ ಮೇಲೆ ಅವರು ಮಗ್ಗುಲಾದದ್ದು ಕೇಳಿಸಿತು, ಸ್ವಲ್ಪ ಹೊತ್ತಿಗೆ ಗೊರಕೆ. ನಾನು ಹೊಡೆಯುತ್ತಲೇ ಇದ್ದೆ.