ಗುಣವಾಗುವವರಿಗೆ ಮಾತ್ರ

ನಮ್ಮ ಸಂಸ್ಥೆ ಹುಟ್ಟಿದ್ದು ಸಾವಿನ ಮನೆಯಲ್ಲಿ. ಆ ಮನೆ ನಮ್ಮದೇ. ಎಂಬತ್ತರ ದಶಕದ ಆರಂಭದಲ್ಲಿ, ಬ್ಯಾಂಕಿನಲ್ಲಿದ್ದ ನನ್ನ ಗಂಡನಿಗೆ ವಿಶಾಖಪಟ್ಟಣಕ್ಕೆ ವರ್ಗವಾಗಿ, ಹಾಸಿಗೆ ಹಿಡಿದಿದ್ದ ಅತ್ತೆಯನ್ನೂ ಕರೆದುಕೊಂಡು ತುಮಕೂರಿನಿಂದ ಬಂದಿದ್ದೆವು. ವರ್ಷವಿಡೀ ನರಳಿ ಅತ್ತೆ ಹೋದರು. ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ರೈಲು ಹತ್ತಿದ ಮೇಲೆ ಉಳಿದದ್ದು ತಲೆಯ ಕಡೆ ಎತ್ತರಿಸುವ ಕಬ್ಬಿಣದ ಮಂಚ, ನೀರು ತುಂಬುವ ರಬ್ಬರ್ ಹಾಸಿಗೆ, ತೂತಿನ ಕುರ್ಚಿ, ಒಂದು ಬೆಡ್‌ಪ್ಯಾನು. ಸತ್ತವರು ಮಲಗಿದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ನೆಂಟರು ಹೇಳಿಯೇ ಹೋಗಿದ್ದರು. ನನ್ನ ಗಂಡ ಗುಜರಿಯವನನ್ನು ಕರೆಯಲು ಚಪ್ಪಲಿ ಮೆಟ್ಟಿದ್ದರು.

ತಡೆದದ್ದು ಪಕ್ಕದ ಮನೆಯಾಕೆ. ಬಳ್ಳಾರಿ ಕಡೆಯ ಹೆಂಗಸು, ತೆಲುಗರ ಮನೆಗೆ ಸೊಸೆಯಾಗಿ ಬಂದು ಬಹಳ ಕಾಲವಾಗಿತ್ತು. ಗಂಡ ಬಂದರಿನಲ್ಲಿ ಗುಮಾಸ್ತರಾಗಿದ್ದು ತೀರಿಕೊಂಡಿದ್ದರು, ಒಬ್ಬಳೇ ಮಗಳು. ಆಕೆ ಕಾಂಪೌಂಡಿನ ಆಚೆಯಿಂದಲೇ ಹೇಳಿದಳು: "ಗುಜರಿಗೆ ಯಾಕಂಡಿ ಹಾಕ್ತೀರಿ? ಹಿಂದಿನ ಬೀದ್ಯಾಗ ಒಬ್ಬಾತ ನೆಲದ ಮ್ಯಾಲೆ ಬಿದ್ಕೊಂಡು ಬೆನ್ನೆಲ್ಲ ಹುಣ್ಣು ಮಾಡ್ಕೊಂಡಾನ. ಬರ್ರಿ, ಕೊಟ್ಟು ಬರೋಣ."

ಮಂಚದ ಒಂದು ತುದಿ ಆಕೆ ಹಿಡಿದಳು, ಇನ್ನೊಂದು ನಾನು. ಮಡಿ, ಮೈಲಿಗೆ ಎಂದು ಬೆಳೆದ ನನಗೆ ಆ ಬೀದಿಯಲ್ಲಿ ಹಾಗೆ ನಡೆಯುವುದು ಸುಲಭವಾಗಿರಲಿಲ್ಲ. ಆ ಮನುಷ್ಯ ನಮ್ಮತ್ತೆಯ ಹಾಸಿಗೆಯ ಮೇಲೆ ಮಲಗಿ ಕೆಲವು ವಾರ ಬದುಕಿದ. ಅವನ ಹೆಂಡತಿ ಎಲ್ಲವನ್ನೂ ಅರಿಶಿನದ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಒಂದು ಅನಕಾಪಲ್ಲಿ ಬೆಲ್ಲದ ಅಚ್ಚಿನ ಸಮೇತ ವಾಪಸು ತಂದಳು. ಅಷ್ಟರಲ್ಲಿ ಕೇಳಿಕೊಂಡು ಇನ್ನೊಬ್ಬರು ಬಂದಿದ್ದರು.

ಹೀಗೆ ಶುರುವಾಯಿತು. ಆಕೆಯ ಮನೆಯ ಹಿಂದೆ ತಗಡಿನ ಶೆಡ್ಡೊಂದಿತ್ತು, ಸಾಮಾನು ಅಲ್ಲಿ. ಯಾರ ಮನೆಯಲ್ಲಿ ಸಾವಾದರೂ ನಾವಿಬ್ಬರೂ ಹೋಗಿ, ಅತ್ತು ಮುಗಿಯುವವರೆಗೆ ಕಾದು, ಊರುಗೋಲು, ಗಾಲಿಕುರ್ಚಿ ಏನಾದರೂ ಇದೆಯೇ ಎಂದು ಕೇಳುತ್ತಿದ್ದೆವು. ರಣಹದ್ದುಗಳು ಎಂದು ನಮ್ಮವರೇ ಒಬ್ಬರು ಹೇಳಿದ್ದು ನನ್ನ ಕಿವಿಗೂ ಬಿತ್ತು. ಇರಲಿ. ಒಯ್ಯಲು ಬಂದವರದೂ ಒಂದೇ ಪ್ರಶ್ನೆ: ಇದರ ಮೇಲೆ ಮಲಗಿದವರು ಎದ್ದರೋ, ಹೋದರೋ? ಎದ್ದರು ಎಂದು ಸುಳ್ಳು ಹೇಳಿಬಿಡೋಣ ಎಂದು ನಾನು. ಆಕೆ ಸುಳ್ಳಾಡುತ್ತಿರಲಿಲ್ಲ. ಹೋದರು, ಆದರೆ ಹುಣ್ಣಾಗದೆ ಹೋದರು ಎನ್ನುತ್ತಿದ್ದಳು. ಕೆಲವರು ಮುಖ ಸಿಂಡರಿಸಿ ಹಿಂದಿರುಗುತ್ತಿದ್ದರು, ಮತ್ತು ಸಾಮಾನ್ಯವಾಗಿ ಎರಡು ದಿನ ಬಿಟ್ಟು ಮತ್ತೆ ಬರುತ್ತಿದ್ದರು.

ಹಾಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಗಾಜುವಾಕ ಕಡೆಯ ಒಂದು ಕಂಪನಿ ಹೊಸ ಸಾಮಾನು ಕೊಡುತ್ತೇವೆ, ನೋಂದಾಯಿತ ಸಂಸ್ಥೆಯಾದರೆ ಮಾತ್ರ, ಎಂದಿತು. ನೋಂದಣಿಗೆ ಏಳು ಜನ ಬೇಕಂತೆ. ನನಗೆ ಗೊತ್ತಿದ್ದವರು ಯಾರು? ಗಂಡನ ಕಡೆಯ ಬ್ಯಾಂಕಿನವರು. ಭಾನುವಾರ ಇಸ್ಪೀಟು ಬಿಟ್ಟು ಐದು ಮಂದಿ ಬಂದರು. ಉಡುಪಿ ಕಡೆಯ ಮ್ಯಾನೇಜರರೊಬ್ಬರು ಅಧ್ಯಕ್ಷರಾದರು. ಕೆಟ್ಟವರೇನಲ್ಲ, ಒಂದು ಲೋಟ ಕಾಫಿಯನ್ನೂ ಸಂಸ್ಥೆಯ ಲೆಕ್ಕದಲ್ಲಿ ಕುಡಿದವರಲ್ಲ. ಆದರೆ ಬ್ಯಾಂಕಿನವರಿಗೆ ಒಂದು ಚಟವಿದೆ. ಕೊಟ್ಟದ್ದು ಹಿಂದಕ್ಕೆ ಬರುತ್ತದೋ ಇಲ್ಲವೋ ಎಂದು ನೋಡದೆ ಅವರ ಕೈ ಯಾವುದನ್ನೂ ಬಿಡುವುದಿಲ್ಲ.

ಹೊಸ ಸಾಮಾನು ಬಂತು. ನೀರಿನ ಹಾಸಿಗೆಗಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡೇ ಬಂದವು. ಕಂಪನಿಯವರು ಫೋಟೋ ತೆಗೆಸಿಕೊಂಡರು. ಹಳೆಯದೆಲ್ಲ ಸಂಸ್ಥೆಯ ಘನತೆಗೆ ಕುಂದು ಎಂದು, ನಾನು ಊರಿನಲ್ಲಿಲ್ಲದ ವಾರ, ಆಕೆ ಬೇಡವೆಂದರೂ ಕೇಳದೆ ಗುಜರಿಗೆ ಹಾಕಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಮ್ಮತ್ತೆಯ ಮಂಚವೂ ಅದರಲ್ಲಿ ಹೋಯಿತು.

ಆಮೇಲೆ ಆ ಸಭೆ. ಅಧ್ಯಕ್ಷರು ಬಹಳ ಯೋಚಿಸಿ ಬಂದಿದ್ದರು. ಸತ್ತವರು ಬಳಸಿದ ಸಾಮಾನು ಮುಟ್ಟಲು ಜನ ಹಿಂಜರಿಯುತ್ತಾರೆ, ಅಲ್ಲವೇ? ಹೊಸ ಹಾಸಿಗೆಯ ಮೇಲೆ ಒಬ್ಬರು ಸತ್ತರೆ ಅದು ಸತ್ತ ಸರಕು. ಆದ್ದರಿಂದ ಗುಣವಾಗುವ ರೋಗಿಗಳಿಗೆ ಮಾತ್ರ ಕೊಡುವುದು. ಗುಣವಾಗುತ್ತಾರೆ ಎಂದು ಡಾಕ್ಟರಿಂದ ಚೀಟಿ ತರಬೇಕು. ಎಲ್ಲರೂ ತಲೆಯಾಡಿಸಿದರು. ಸಾಲ ಮುಳುಗಬಾರದು ಎಂದು ಕಲಿತವರಿಗೆ ಅದಕ್ಕಿಂತ ನ್ಯಾಯವಾದ ಮಾತು ಇನ್ನೊಂದಿರಲಿಲ್ಲ.

ನಾನು ಕಿರುಚಾಡಿದೆ. ಪಕ್ಕದ ಮನೆಯಾಕೆ ಒಂದೇ ಮಾತು ಹೇಳಿದಳು: "ಏಳೋರಿಗೆ ಹೆಂಗಾರ ನಡೀತೈತ್ರಿ. ಏಳದೋರಿಗೇ ಅಲ್ಲಂಡಿ ಇದು ಬೇಕಾಗೋದು?" ಅದನ್ನೂ ನಡಾವಳಿಯಲ್ಲಿ ಬರೆದುಕೊಂಡರು. ಠರಾವು ಪಾಸಾಯಿತು. ಶೆಡ್ಡಿನ ಬೀಗದ ಕೈ ಅವತ್ತೇ ಅಧ್ಯಕ್ಷರ ಬ್ಯಾಗಿಗೆ ಹೋಯಿತು. ಶೆಡ್ಡು ಮಾತ್ರ ಆಕೆಯದೇ.

ಸ್ವಲ್ಪ ದಿನಕ್ಕೆ ನಮಗೆ ವಿಜಯವಾಡಕ್ಕೆ ವರ್ಗವಾಯಿತು. ಊರು ಬಿಟ್ಟವರ ಸದಸ್ಯತ್ವ ತಾನಾಗಿಯೇ ರದ್ದು ಎಂಬ ನಿಯಮವನ್ನೂ ಅವರು ಮಾಡಿಟ್ಟಿದ್ದರು. ತಾವೂ ನಾಳೆ ವರ್ಗವಾಗುವವರೇ ಎಂಬುದು ಒಬ್ಬರಿಗೂ ಹೊಳೆದಿರಲಿಲ್ಲವೋ, ಅಥವಾ ಅದೇ ಅವರಿಗೆ ಬೇಕಿತ್ತೋ. ಬೆಂಜ್ ಸರ್ಕಲ್ಲಿನ ಬಳಿ ನಮ್ಮ ಬಾಡಿಗೆ ಮನೆ. ಹೊಸದಾಗಿ ಶುರು ಮಾಡೋಣವೆಂದು ವರಾಂಡದಲ್ಲಿ ಒಂದು ಮಂಚ ಇಟ್ಟೆ. ಮನೆ ಮಾಲೀಕರು ಅಶುಭವೆಂದು ತೆಗೆಸಿದರು. ನಾನು ಆ ಸೆಕೆಯಲ್ಲಿ ಬಾಗಿಲು ಹಾಕಿಕೊಂಡು, ಮಾಲೀಕರನ್ನು ಬಯ್ಯುತ್ತ ಅಡುಗೆ ಮಾಡಿದೆ.

ತೊಂಬತ್ತರ ದಶಕ ಶುರುವಾಗಿತ್ತು. ಒಂದು ದಿನ ಆಕೆಯ ಮಗಳು ನಮ್ಮ ಮಾಲೀಕರ ಮನೆಗೆ ಫೋನ್ ಮಾಡಿ ನನ್ನನ್ನು ಕರೆಸಿದಳು. ಅವಳಿಗೆ ಕನ್ನಡ ಅಷ್ಟಕ್ಕಷ್ಟೇ, ತೆಲುಗಿನಲ್ಲೇ ಹೇಳಿದಳು. ಅಮ್ಮನಿಗೆ ಬೆನ್ನುಮೂಳೆಯಲ್ಲಿ ಕ್ಯಾನ್ಸರ್. ಆಸ್ಪತ್ರೆಯವರು ಮನೆಗೆ ಕಳಿಸಿದ್ದಾರೆ. ಹೊರಳಲು ಆಗುವುದಿಲ್ಲ, ಸೊಂಟದ ಚರ್ಮ ಬಿಡುತ್ತಿದೆ. ಹಾಸಿಗೆ ಕೇಳಿದರೆ ಚೀಟಿ ತನ್ನಿ ಎನ್ನುತ್ತಾರೆ. ಡಾಕ್ಟರು ಪ್ರಾಮಾಣಿಕ ಮನುಷ್ಯ, ಗುಣವಾಗುತ್ತದೆ ಎಂದು ಹೇಗೆ ಬರೆಯಲಮ್ಮ ಎಂದರಂತೆ.

ನಾನು ಎಸ್‌ಟಿಡಿ ಬೂತಿಗೆ ಓಡಿ ಅಧ್ಯಕ್ಷರಿಗೆ ಫೋನ್ ಮಾಡಿದೆ. ಆಕೆಯ ಅಂಗಳದಲ್ಲೇ, ಆಕೆಯ ಶೆಡ್ಡಿನಲ್ಲೇ, ಆಕೆಯ ತಲೆದಿಂಬಿನಿಂದ ಹತ್ತು ಮಾರು ದೂರದಲ್ಲಿ ಆ ಹಾಸಿಗೆಗಳಿವೆ ಎಂದೆ. ಅವರು ನಿಜವಾಗಿಯೂ ನೊಂದುಕೊಂಡರು. "ನನಗೂ ಬೇಜಾರುಂಟು ಅಮ್ಮಾ. ಆದ್ರೆ ನಮ್ಮವರಿಗೇ ಅಂತ ನಿಯಮ ಮುರಿದ್ರೆ ನಾಳೆ ಹೊರಗಿನವರಿಗೆ ಯಾವ ಮುಖ ಇಟ್ಕೊಂಡು ಇಲ್ಲ ಅನ್ನೋದು ಮಾರಾಯ್ರೆ?" ಎಂದರು. ಮುಂದಿನ ತಿಂಗಳ ಸಭೆಯಲ್ಲಿ ವಿಷಯ ಇಡುತ್ತೇನೆ ಎಂದೂ ಸೇರಿಸಿದರು.

ನಾನು ಗವರ್ನರ್‌ಪೇಟೆಯಲ್ಲಿ ಒಂದು ಹಾಸಿಗೆ ಕೊಂಡು, ಗೋಣಿಯಲ್ಲಿ ಸುತ್ತಿ, ಮಾರನೆಯ ಬೆಳಗಿನ ರೈಲು ಹತ್ತಿದೆ. ಮಗಳೂ ನಾನೂ ಬಕೆಟ್ಟಿನಲ್ಲಿ ನೀರು ತುಂಬಿ, ಆಕೆಯನ್ನು ಎತ್ತಿ ಮಲಗಿಸಿದೆವು. ಆಗ ಹುಣ್ಣು ನೋಡಿದೆ. ಮೂಳೆ ಕಾಣುತ್ತಿತ್ತು. ಹಾಸಿಗೆಯಿಂದ ಆಗುವುದು ಏನೂ ಉಳಿದಿರಲಿಲ್ಲ. ಎತ್ತುವಾಗ ಆಕೆ ಕೂಗಿದ ಕೂಗು, ಊರಿನವರ ನೋವಿಗೆಲ್ಲ ಓಡಿದ ಆ ಹೆಂಗಸಿನ ಬಾಯಿಂದ ಬಂದ ಆ ಕೂಗು, ನನ್ನ ಕಿವಿ ಬಿಟ್ಟು ಹೋಗಿಲ್ಲ. ವಾರದೊಳಗೆ ಹೋದಳು.

ಸಂತಾಪ ಸಭೆ ಇಟ್ಟರು. ಸ್ಥಾಪಕಿ ಎಂದು ಫೋಟೋಗೆ ಮಲ್ಲಿಗೆ ಹಾರ ಹಾಕಿದರು. ಅಧ್ಯಕ್ಷರು ಕಣ್ಣು ಒರೆಸಿಕೊಂಡು ಮಾತಾಡಿದರು. ಸ್ವಂತ ಸ್ಥಾಪಕರಿಗೂ ನಿಯಮ ಸಡಿಲಿಸದ ಸಂಸ್ಥೆ ಈ ಊರಿನಲ್ಲಿ ಇನ್ನೊಂದಿಲ್ಲ, ಆಕೆಯೂ ಅದನ್ನೇ ಬಯಸುತ್ತಿದ್ದರು ಎಂದರು. ಜನ ಚಪ್ಪಾಳೆ ತಟ್ಟಿದರು. ಸಂತಾಪ ಸಭೆಯಲ್ಲಿ ಚಪ್ಪಾಳೆ.

ಸದಸ್ಯಳಲ್ಲದಿದ್ದರೂ ಎದ್ದು ನಿಂತೆ. "ಆಕೆ ಬಯಸಿದ್ದು ಒಂದು ಹಾಸಿಗೆ. ಸಾಯ್ತಾಳೆ ಅಂತ ಗೊತ್ತಿದ್ದೇ ನೀವು ಕೊಡಲಿಲ್ಲ" ಎಂದೆ. ಇನ್ನೂ ಹೇಳುವುದಿತ್ತು, ಅಷ್ಟರಲ್ಲೇ ಕಾರ್ಯದರ್ಶಿ ವಂದನಾರ್ಪಣೆ ಮಾಡಿದರು, ಉಪ್ಪಿಟ್ಟು ಹಂಚಿದರು. ಮಗಳು ಗೋಡೆಯಿಂದ ಅಮ್ಮನ ಫೋಟೋ ಇಳಿಸಿ, ಹಾರ ತೆಗೆದು ಕುರ್ಚಿಯ ಮೇಲಿಟ್ಟು, ಫೋಟೋ ಎತ್ತಿಕೊಂಡು ಹೊರಟಳು. ಅವಳ ಹಿಂದೆ ನಾನೂ ಹೊರಟೆ.

ಆ ಸಂಸ್ಥೆ ಈಗ ಬಹಳ ಚೆನ್ನಾಗಿ ನಡೆಯುತ್ತಿದೆಯಂತೆ. ಅಧ್ಯಕ್ಷರು ವರ್ಗವಾಗಿ ಹೋದರು, ನಿಯಮ ಉಳಿಯಿತು. ಸ್ವಂತ ಕಟ್ಟಡವಾಗಿದೆ, ಒಂದು ಕೋಣೆಗೆ ಆಕೆಯ ಹೆಸರಿಟ್ಟಿದ್ದಾರೆ. ಆಕೆಯೇ ಎದ್ದು ಬಂದು ಆ ಕೋಣೆಯ ಬಾಗಿಲಲ್ಲಿ ನಿಂತು ಹಾಸಿಗೆ ಕೇಳಿದರೂ ಅವರು ಕೊಡುವುದಿಲ್ಲ.